ಬಿಸಿಲಿನ ದಿನ ಹುಬ್ಬಳ್ಳಿಯಿಂದ ಬೈಕ್ ಎತ್ತ ತಿರುಗಿಸಬೇಕು: ಲಕ್ಕುಂಡಿ, ಯಲ್ಲಾಪುರ, ಬಂಕಾಪುರ?

ಮೋಡ ಇಲ್ಲದ ಭಾನುವಾರ, ಏಳೆಂಟು ಗಾಡಿ, ಕತ್ತಲಾಗೋದರೊಳಗೆ ವಾಪಸ್ ಮನೆ. ಇಷ್ಟೇ ಷರತ್ತಾದರೆ ನಮ್ಮ ಗುಂಪಿನಲ್ಲಿ ಜಗಳ ನಡೆಯೋದು ಮೂರು ದಾರಿಗಳ ನಡುವೆ. ಪೂರ್ವಕ್ಕೆ ಗದಗ ದಾಟಿ ಲಕ್ಕುಂಡಿ, ನೈಋತ್ಯಕ್ಕೆ ಕಲಘಟಗಿ ಮೇಲೆ ಯಲ್ಲಾಪುರ, ದಕ್ಷಿಣಕ್ಕೆ ಶಿಗ್ಗಾಂವಿ ಮೇಲೆ ಬಂಕಾಪುರ. ಮೂರನ್ನೂ ಇದೇ ಗುಂಪಿನ ಜೊತೆ, ಚಳಿಗಾಲದ ಕೊನೆಯ ಬಿಸಿಲಿನಲ್ಲಿ ಓಡಿಸಿ ನೋಡಿದ್ದೇನೆ. ಕೈ ಎತ್ತಿಸಿದರೆ ಹೆಚ್ಚಿನವರು ಯಲ್ಲಾಪುರ ಅಂತಾರೆ. ನಾನು ಲಕ್ಕುಂಡಿ ಅಂತೀನಿ.

ಬಿಸಿಲು ಅಂದ ಕೂಡಲೇ ಎಲ್ಲರೂ ನೆರಳಿನ ಲೆಕ್ಕ ಹಾಕುತ್ತಾರೆ. ಬೈಕಿನವನು ಮೊದಲು ಹಾಕಬೇಕಾದ್ದು ಸೂರ್ಯ ಯಾವ ಕಡೆ ಇರುತ್ತಾನೆ ಅನ್ನೋ ಲೆಕ್ಕ. ಗದಗದ ದಾರಿ ಹೆಚ್ಚುಕಡಿಮೆ ನೇರ ಪೂರ್ವಕ್ಕಿದೆ. ಬೆಳಗ್ಗೆ ಹೋಗುವಾಗ ಬಿಸಿಲು ಮುಖಕ್ಕೆ, ಸಂಜೆ ಬರುವಾಗ ಮತ್ತೆ ಮುಖಕ್ಕೆ. ಹೆಲ್ಮೆಟ್ ಗಾಜಿನ ಮೇಲೆ ಒಂದಿಷ್ಟು ಧೂಳಿದ್ದರೆ ಮುಂದಿನ ಗಾಡಿಯ ಬ್ರೇಕ್ ಲೈಟ್ ಹತ್ತಿದ್ದೂ ತಿಳಿಯಲ್ಲ, ಒಬ್ಬರ ಹಿಂದೆ ಒಬ್ಬರು ಹೋಗುವಾಗ ಅದು ಸಣ್ಣ ಮಾತಲ್ಲ. ಯಲ್ಲಾಪುರದ್ದು ಉಲ್ಟಾ, ಎರಡೂ ಹೊತ್ತು ಸೂರ್ಯ ಬೆನ್ನಿಗೆ. ಕಣ್ಣಿಗೆ ಆರಾಮ. ಆದರೆ ಎದುರು ಬರುವ ಲಾರಿ ಡ್ರೈವರ್ ಕಣ್ಣಿಗೆ ಅದೇ ಬಿಸಿಲು ಹೊಡೆಯುತ್ತಿರುತ್ತೆ, ಅವನಿಗೆ ನಾವು ಕಾಣೋದೇ ಕಷ್ಟ. 2017ರ ಏಪ್ರಿಲ್‌ನಿಂದ ಈಚೆಗೆ ಬಂದ ಗಾಡಿಗಳಲ್ಲಿ ಹೆಡ್‌ಲೈಟ್ ತಾನಾಗೇ ಹತ್ತಿರುತ್ತೆ. ಹಳೇ ಬುಲೆಟ್ ಇಟ್ಟುಕೊಂಡವರು ಮಾತ್ರ ನೆನಪಿಟ್ಟು ಹಚ್ಚಬೇಕು. ಬಂಕಾಪುರದ ದಾರಿಯಲ್ಲಿ ಹೋಗುವಾಗ ಪೂರ್ವ ಎಡಕ್ಕೆ, ಬರುವಾಗ ಪಶ್ಚಿಮ ಎಡಕ್ಕೆ. ಅಂದರೆ ಸಂಜೆ ಮನೆಗೆ ಬಂದಾಗ ಎಡಗೈ ಒಂದೇ ಕಪ್ಪಾಗಿರುತ್ತೆ!

ಹಾಗಾದರೆ ಯಲ್ಲಾಪುರ ಯಾಕಲ್ಲ? ಕಲಘಟಗಿವರೆಗೆ ಬಯಲು, ಅಲ್ಲಿಂದ ಮುಂದೆ ಮರಗಳು ದಟ್ಟವಾಗುತ್ತ ಹೋಗಿ, ಕಿರವತ್ತಿ ಹೊತ್ತಿಗೆ ಗಾಳಿಯೇ ತಂಪು. ಅದರಲ್ಲಿ ತಕರಾರಿಲ್ಲ. ತಕರಾರು ಇರೋದು ಆ ನೆರಳಿನ ಬಗ್ಗೆಯೇ. ಸುಡುಬಿಸಿಲಿನಿಂದ ಒಮ್ಮೆಲೇ ಮರದ ಕೆಳಗೆ ನುಗ್ಗಿದಾಗ ಕಣ್ಣು ಹೊಂದಿಕೊಳ್ಳೋಕೆ ಕ್ಷಣ ಬೇಕು, ಅಷ್ಟರಲ್ಲಿ ಗಾಡಿ ಹತ್ತಾರು ಮೀಟರ್ ಮುಂದೆ ಹೋಗಿರುತ್ತೆ. ರಸ್ತೆ ಮೇಲೆ ಬಿಸಿಲು ನೆರಳು ಚುಕ್ಕಿ ಚುಕ್ಕಿಯಾಗಿ ಬಿದ್ದಿರುವಾಗ ಯಾವುದು ನೆರಳು, ಯಾವುದು ತಗ್ಗು ಅಂತ ಗೊತ್ತಾಗಲ್ಲ. ಕರೀ ಕನ್ನಡಕ ಹಾಕಿದವರಿಗಂತೂ ಇನ್ನೂ ಫಜೀತಿ. ಮೇಲಾಗಿ ಇದು ರಾಷ್ಟ್ರೀಯ ಹೆದ್ದಾರಿ 52. ಅರಬೈಲ್ ಘಾಟಿ ಇಳಿದು ಅಂಕೋಲಾ ಕಡೆ ಹೋಗೋ ಲಾರಿಗಳೆಲ್ಲ ಇಲ್ಲೇ. ಒಂದು ಲಾರಿಯನ್ನು ಮುಂದಿನ ಇಬ್ಬರು ದಾಟಿದರೆ ಉಳಿದವರು ಅದರ ಹಿಂದೆಯೇ ಸಿಕ್ಕಿಕೊಂಡು, ಮುಂದಿನ ತಿರುವಿಗೆ ಗುಂಪು ಎರಡಾಗುತ್ತೆ. ಆಮೇಲೆ ಹಿಂದಿದ್ದವರು ಸೇರಿಕೊಳ್ಳೋ ಅವಸರದಲ್ಲಿ ದಾಟಬಾರದ ಕಡೆ ದಾಟುತ್ತಾರೆ. ಇಬ್ಬರು ಮೂವರಿದ್ದರೆ ಇದಕ್ಕಿಂತ ಚಂದದ ದಾರಿ ಈ ಮೂರರಲ್ಲಿ ಇಲ್ಲ. ಎಂಟು ಗಾಡಿಗೆ ಬೇಡ.

ಗದಗ, ಲಕ್ಕುಂಡಿ ಕಡೆಯ ಎರೆಹೊಲದ ದಾರಿಯಲ್ಲಿ ಈ ಕಾಟ ಇಲ್ಲ. ನೆಲ ಅಂಗೈಯಂತೆ ಚಪ್ಪಟೆ, ಎರಡೂ ಕಡೆ ಕಡಲೆ, ಬಿಳಿಜೋಳ, ಕುಸುಬೆ. ನಮ್ಮಲ್ಲಿ ಸ್ಪ್ಲೆಂಡರ್ ಇದ್ದವನನ್ನು ಮುಂದಿನವನ ಹಿಂದೆಯೇ ಬಿಡುತ್ತೇವೆ, ಅವನಿಗೆ ಆರಾಮಾದ ವೇಗವೇ ಎಲ್ಲರ ವೇಗ. ಅರವತ್ತರ ಆಸುಪಾಸು. ಕೊನೆಯ ಗಾಡಿ ಅನುಭವ ಇದ್ದವರದು, ಪಂಕ್ಚರ್ ಸಾಮಾನು ಅವರ ಹತ್ತಿರ. ಕನ್ನಡಿಯಲ್ಲಿ ಆ ಕೊನೆಯ ಹೆಡ್‌ಲೈಟ್ ದೂರದಿಂದಲೂ ಕಾಣುತ್ತಿರುತ್ತೆ, ಹಾಗಾಗಿ ಯಾರಿಗೂ ಅವಸರ ಇಲ್ಲ.

ಮುಖಕ್ಕೆ ಹೊಡೆಯೋ ಬಿಸಿಲಿಗೆ ಉಪಾಯ ಒಂದೇ: ಹೊರಡೋದು ಒಂಬತ್ತರ ಮೇಲೆ, ಮರಳಿ ಹೊರಡೋದು ಮೂರಕ್ಕೆ. ಸೂರ್ಯ ಆಗ ಕಣ್ಣಿನ ಮಟ್ಟಕ್ಕಿಂತ ಸಾಕಷ್ಟು ಮೇಲಿರುತ್ತಾನೆ. ಇದನ್ನು ಹೇಳಿದರೆ ಗುಂಪಿನಲ್ಲಿ ಗದ್ದಲ. "ಲೇ, ತಂಪೊತ್ತಿನ್ಯಾಗ ಹೋಗೂದು ಬಿಟ್ಟು ಒಂಬತ್ತಕ್ಕ ಯಾಂವ ಹೊರಡ್ತಾನೋ?" ಹೊರಟು ನೋಡಿದ ಮೇಲೆ ಬೈಗುಳ ಕಮ್ಮಿಯಾಗಿದೆ. ನಸುಕಿನಲ್ಲೇ ಬಿಟ್ಟು ಸೂರ್ಯ ಏಳೋದರೊಳಗೆ ಗದಗ ಮುಟ್ಟಬಹುದು ಅನ್ನೋ ಪಕ್ಷವೂ ಇದೆ. ಹಿಂದೆ ದೀಪ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್ ಕತ್ತಲಲ್ಲಿ ಎದುರಾದವರು ಆ ಪಕ್ಷ ಬಿಡುತ್ತಾರೆ.

ಒಂಬತ್ತಕ್ಕೆ ಹೊರಟರೆ ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿಯ ಕಂಬಗಳ ನಡುವೆ ಕೂತು ಬೆವರು ಆರಿಸಿಕೊಳ್ಳಬಹುದು. ಗದಗದಲ್ಲಿ ಗಿರ್ಮಿಟ್, ಮಿರ್ಚಿ, ಚಹಾ. ಮಿರ್ಚಿ ಎರಡಕ್ಕೇ ಸಾಕು ಮಾಡಿ, ಮಟಮಟ ಮಧ್ಯಾಹ್ನ ಹೊಟ್ಟೆಯೂ ಉರಿಯೋದು ಬೇಡ. ಅಲ್ಲಿಂದ ಲಕ್ಕುಂಡಿ ಹನ್ನೊಂದು ಹನ್ನೆರಡು ಕಿಲೋಮೀಟರ್. ನೆತ್ತಿ ಸುಡೋ ಹೊತ್ತಿಗೆ ಅಲ್ಲಿರಬೇಕು ಅನ್ನೋದೇ ನನ್ನ ವಾದ. ಮುಸುಕಿನ ಬಾವಿಯ ಮೆಟ್ಟಿಲು ಇಳಿಯುತ್ತ ಹೋದಂತೆ ಮೇಲಿನ ಕಾವು ಬಿಟ್ಟುಹೋಗುತ್ತೆ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ ಒಳಗೂ ಅಷ್ಟೇ ತಂಪು. ಕಾಶಿವಿಶ್ವನಾಥ ಗುಡಿಯ ಹೊರಗೋಡೆಯ ಕೆತ್ತನೆ ಮಾತ್ರ ನಡುಹಗಲಿಗಿಂತ ಸ್ವಲ್ಪ ಓರೆ ಬಿಸಿಲಲ್ಲಿ ಚಂದ, ಅದನ್ನು ಹೊರಡೋ ಮುಂಚೆ ಕೊನೆಗೆ ನೋಡಿ.

ಬಂಕಾಪುರದ ಬಗ್ಗೆ ಹೇಳೋದು ಕಮ್ಮಿ. ಹೆದ್ದಾರಿ 48 ಅಗಲ, ದ್ವಿಚಕ್ರಕ್ಕೆ ಟೋಲ್ ಇಲ್ಲ, ಗುಂಪು ಒಡೆಯಲ್ಲ, ಆದರೆ ಓಡಿಸೋಕೆ ಬೇಸರ. ತಾಸಿನ ಮೇಲೆ ಸ್ವಲ್ಪ ಹೊತ್ತಿಗೆ ಕೋಟೆ ಬಂದೇಬಿಡುತ್ತೆ. ನವಿಲುಧಾಮ, ಒಳಗೆ ಅರವತ್ತು ಕಂಬದ ನಗರೇಶ್ವರ ಗುಡಿ, ಎರಡನ್ನೂ ನೋಡಿ ಊಟಕ್ಕೆ ಮನೆ ಸೇರಬಹುದು. ನವಿಲು ಕಾಣಬೇಕಾದರೆ ಬೇಗ ಹೋಗಬೇಕು, ಬಿಸಿಲೇರಿದ ಮೇಲೆ ಅವು ಪೊದೆ ಬಿಟ್ಟು ಬರಲ್ಲ. ಗುಂಪಿಗೆ ಹೊಸಬರು ಬಂದರೆ ನಾವು ಮೊದಲು ಕರೆದೊಯ್ಯೋದು ಇಲ್ಲಿಗೇ. ಅಂತರ ಬಿಟ್ಟು ಓಡಿಸೋದು, ಕೈಸನ್ನೆ, ಮುಂದಿನವನನ್ನು ದಾಟದೇ ಇರೋದು, ಇವೆಲ್ಲ ಬರುತ್ತವೋ ಇಲ್ಲವೋ ಅಂತ ಶಿಗ್ಗಾಂವಿ ಮುಟ್ಟೋದರೊಳಗೆ ಗೊತ್ತಾಗುತ್ತೆ. ಬಂದರೆ ಮುಂದಿನ ವಾರ ಲಕ್ಕುಂಡಿಗೆ ಅವರೂ ಬರಲಿ, ಒಂಬತ್ತಕ್ಕೆ.