ಲಗ್ನಪತ್ರಿಕೆಗೆ ಲೆಟರ್‌ಪ್ರೆಸ್ಸೋ, ಸ್ಕ್ರೀನ್ ಪ್ರಿಂಟಿಂಗೋ, ಆಫ್‌ಸೆಟ್ಟೋ?

ಮೊದಲು ಎಷ್ಟು ಪತ್ರಿಕೆ ಬೇಕೆಂದು ಎಣಿಸಿ. ಊರಿಗೆಲ್ಲ ಹಂಚಲು ಸಾವಿರ ಬೇಕಿದ್ದರೆ ಆಫ್‌ಸೆಟ್ಟೇ (ಪ್ಲೇಟಿನ ಚಿತ್ರ ಮೊದಲು ರಬ್ಬರ್ ಹೊದಿಕೆಗೆ, ಅಲ್ಲಿಂದ ಕಾಗದಕ್ಕೆ ಇಳಿಯುವ ಮುದ್ರಣ) ಸರಿ: ಪ್ಲೇಟಿನ ಖರ್ಚು ಹಂಚಿಹೋಗುತ್ತದೆ, ದೇವರ ಬಣ್ಣದ ಚಿತ್ರವೂ ಚೆನ್ನಾಗಿ ಬರುತ್ತದೆ. ಲೆಟರ್‌ಪ್ರೆಸ್ ಎಂದರೆ ಉಬ್ಬಿದ ಅಚ್ಚಿಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತುವುದು. ಅದರಲ್ಲಿ ಪ್ರತಿ ಬಣ್ಣಕ್ಕೂ ಬೇರೆ ಪ್ಲೇಟು, ಯಂತ್ರದಲ್ಲಿ ಬೇರೆ ಓಟ. ಹಾಗಾಗಿ ನೂರಿನ್ನೂರು ಪ್ರತಿ, ಒಂದೆರಡು ಬಣ್ಣಕ್ಕೆ ಅದು ಹೊಂದುತ್ತದೆ.

ಕಡು ಕೆಂಪು ಕಾಗದದ ಮೇಲೆ ಚಿನ್ನದ ಬಣ್ಣ ಬೇಕೇ? ಜಾಲರಿಯ ಮೂಲಕ ಶಾಯಿ ಇಳಿಸುವ ಸ್ಕ್ರೀನ್ ಪ್ರಿಂಟಿಂಗ್ ಆರಿಸಿ. ಅದರ ಶಾಯಿ ದಪ್ಪಗೆ ಕೂರುತ್ತದೆ. ಲೆಟರ್‌ಪ್ರೆಸ್ ಶಾಯಿ ತೆಳು, ಕೆಳಗಿನ ಬಣ್ಣ ಇಣುಕುತ್ತದೆ.

ಬೆರಳಿಗೆ ತಗಲುವ ಅಚ್ಚಿನ ಗುಣಿಯೇ ಲೆಟರ್‌ಪ್ರೆಸ್‌ನ ಸೊಗಸು. ಅದಕ್ಕೆ 300 ಜಿಎಸ್ಎಂಗಿಂತ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ) ದಪ್ಪದ, ಮೆತ್ತನೆಯ ಕಾಟನ್ ಕಾಗದ ಬೇಕು. ಎರಡೂ ಬದಿ ಆಳವಾಗಿ ಒತ್ತಿದರೆ ಹಿಂದಿನ ಉಬ್ಬು ಮುಂದಿನ ಅಕ್ಷರವನ್ನು ಕೆಡಿಸುತ್ತದೆ. ಎರಡು ಹಾಳೆ ಬೇರೆಬೇರೆ ಅಚ್ಚು ಮಾಡಿ ಅಂಟಿಸಿ.

ಕನ್ನಡಕ್ಕೆ ಇನ್ನೊಂದು ಎಚ್ಚರ. ‘ಜ್ಯೇಷ್ಠ’, ‘ಲಕ್ಷ್ಮೀ’ ಬರೆದು ನೋಡಿ: ಒತ್ತಕ್ಷರದ ಪುಟ್ಟ ಕಣ್ಣುಗಳಲ್ಲಿ ಶಾಯಿ ತುಂಬಿ ಕಪ್ಪು ಚುಕ್ಕೆಯಾಗುತ್ತದೆ. ಲೆಟರ್‌ಪ್ರೆಸ್, ಸ್ಕ್ರೀನ್ ಎರಡರಲ್ಲೂ 11 ಪಾಯಿಂಟಿಗಿಂತ ಇಳಿಯಬೇಡಿ. ಬಂಧುಗಳ ಹೆಸರಿನ ಪಟ್ಟಿ ಉದ್ದವಿದ್ದರೆ ಆಫ್‌ಸೆಟ್ ಅದನ್ನು ಸಣ್ಣಕ್ಷರದಲ್ಲೂ ಸ್ಪಷ್ಟವಾಗಿ ಕೊಡುತ್ತದೆ. ಯಾವುದೇ ಆದರೂ ಫೈಲನ್ನು ಔಟ್‌ಲೈನ್ ಮಾಡಿಸಿ (ಅಕ್ಷರಗಳನ್ನು ಫಾಂಟ್ ಬೇಡದ ಆಕೃತಿಗಳಾಗಿ ಬದಲಿಸುವುದು), ಆಮೇಲೆ ಇನ್ನೊಮ್ಮೆ ಓದಿ. ಫಾಂಟ್ ಬದಲಾದರೆ ಒತ್ತು ಒಡೆದು ಪಕ್ಕಕ್ಕೆ ಬಂದಿರುತ್ತದೆ.

ಮೂಲೆಗೆ ಅರಿಶಿನ ಹಚ್ಚುವವರು ಗಮನಿಸಿ: ಕಾಟನ್ ಕಾಗದ ನೀರು ಹೀರುತ್ತದೆ, ಅರಿಶಿನವನ್ನು ಗಟ್ಟಿಯಾಗಿಯೇ ಕಲಸಿ.