ಲಾಂಗ್‌ಯಿಯರ್‌ಬೈನ್‌ನಲ್ಲಿ ಒಂದೇ ದಿನ ಇದ್ದರೆ: ಪಿರಮಿಡನ್ನೋ, ಮೂರನೇ ಗಣಿಯೋ?

ಉತ್ತರ ಧ್ರುವದ ಕಡೆಗಿರುವ ನಾರ್ವೆಯ ದ್ವೀಪಗಳಾದ ಸ್ವಾಲ್‌ಬಾರ್ಡ್‌ನ ಈ ಊರಿಗೆ ಬೇಸಿಗೆಯಲ್ಲಿ ಬಂದವರು ಪಿರಮಿಡನ್‌ಗೆ ಹೋಗಲೇಬೇಕು ಅನ್ನುವುದು ನನ್ನ ಮಾತು. ಸೋವಿಯತ್ ಕಾಲದ ಗಣಿ ಊರು ಅದು. 1998ರಲ್ಲಿ ಗಣಿ ಮುಚ್ಚಿತು, ಜನ ಹೊರಟರು. ಚೌಕದಲ್ಲಿ ಲೆನಿನ್ ಪ್ರತಿಮೆ ಇನ್ನೂ ನಿಂತಿದೆ. ಕೊಲ್ಲಿಯ ಆಚೆ ನೂರ್ಡೆನ್‌ಶೋಲ್ಡ್ ಹಿಮನದಿ. ದೋಣಿ ಅದರ ಹತ್ತಿರ ಹೋದಾಗ ನೀಲಿ ಮಂಜುಗಡ್ಡೆಯಿಂದ ಕಣ್ಣು ತೆಗೆಯಲು ಆಗುವುದಿಲ್ಲ. ಆದರೆ ಇಡೀ ದಿನ ಬೇಕು, ದುಡ್ಡೂ ಜಾಸ್ತಿ. ಸಮುದ್ರ ಒರಟಾಗಿದ್ದರೆ ಹೊಟ್ಟೆ ತೊಳಸುತ್ತದೆ. ಹಿಮಕರಡಿಗಳ ಭಯ ಇರುವುದರಿಂದ ಬಂದೂಕು ಹಿಡಿದ ಗೈಡ್‌ನ ಜೊತೆಯೇ ಓಡಾಡಬೇಕು.

ಮೂರನೇ ಗಣಿ ವಿಮಾನ ನಿಲ್ದಾಣದ ಹತ್ತಿರವೇ ಇದೆ, ಕೆಲವೇ ಗಂಟೆ ಸಾಕು. ಕತ್ತಲ ಚಳಿಗಾಲಕ್ಕೂ ಸರಿ. 1996ರವರೆಗೆ ಇಲ್ಲಿ ಕೆಲಸಗಾರರು ಇಕ್ಕಟ್ಟಿನ ಸಂದುಗಳಲ್ಲಿ ತೆವಳಿ ಕಲ್ಲಿದ್ದಲು ತೆಗೆಯುತ್ತಿದ್ದರು. ಹೆಲ್ಮೆಟ್ ಹಾಕಿ ಒಳಗೆ ನಿಂತಾಗಲೇ ಆ ಕಷ್ಟ ಅರ್ಥವಾಗುವುದು. ಇಕ್ಕಟ್ಟು ಆಗದವರಿಗೆ ಬೇಡ.

ಜಗತ್ತಿನ ಬೆಳೆಗಳ ಬೀಜ ಕಾಪಿಡುವ ಇಲ್ಲಿನ ಬೀಜ ಭಂಡಾರದ ಒಳಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಬಾಗಿಲು ನೋಡಲು ಸುಮ್ನೆ ದಿನ ಕಳೆಯಬೇಡಿ. ಇನ್ನೊಂದು ವಿಷಯ: ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ. ಆದರೆ ಇದು ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಇರುವ ಶೆಂಗೆನ್ ವಲಯದ ಹೊರಗಿದೆ; ಹಾಗಾಗಿ ನಾರ್ವೆಯ ಮುಖ್ಯ ಭೂಭಾಗದ ಮೂಲಕ ಹೋಗಿಬರುವ ನಮ್ಮವರಿಗೆ ಎರಡು ಪ್ರವೇಶದ ಶೆಂಗೆನ್ ವೀಸಾ ಬೇಕೇ ಬೇಕು.