"ಬೆಕ್ಕು ಪರಚಿದ್ರೂ ಏನೂ ಆಗಲ್ಲ ಮೇಡಂ" ಅಂದದ್ದನ್ನು ನಂಬಿ 18,500 ಕೊಟ್ಟೆ. ನೀವು ಕೊಡಬೇಡಿ

ಇದನ್ನು ಬರೆಯಲೇಬಾರದು ಅಂತ ಎರಡು ತಿಂಗಳು ಸುಮ್ಮನಿದ್ದೆ. ನಾಚಿಕೆ, ಇನ್ನೇನು. ಆದರೆ ನಿನ್ನೆ ರಾತ್ರಿ ಆ ಸೋಫಾ ಅಂಗಡಿಯವನ ವಾಟ್ಸಾಪ್ ಸ್ಟೇಟಸ್ ಕಣ್ಣಿಗೆ ಬಿತ್ತು. 'ಕ್ಯಾಟ್ ಪ್ರೂಫ್ ಸೋಫಾ, ಹಬ್ಬದ ಆಫರ್' ಅಂತ ಒಂದು ಫೋಟೋ. ಹಿಂದುಗಡೆ ಮೂಲೆಯಲ್ಲಿ ನಮ್ಮ ಅತ್ತೆಯ ಹೊಲಿಗೆ ಮಷಿನ್! ಅದು ನಮ್ಮದೇ ಸೋಫಾ, ತಂದುಕೊಟ್ಟ ದಿನ ತೆಗೆದ ಫೋಟೋ. ಈಗ ಆ ಸೋಫಾ ಯಾವ ಗತಿಯಲ್ಲಿದೆ ಅಂತ ಅವನಿಗೂ ಚೆನ್ನಾಗಿ ಗೊತ್ತು. ನಾನೇ ಹನ್ನೊಂದು ಫೋಟೋ ಕಳಿಸಿದ್ದೇನೆ.

ನಾವಿರುವುದು ಮೈಸೂರಿನಲ್ಲಿ. ಮನೆಯಲ್ಲಿ ಒಂದು ನಾಟಿ ಬೆಕ್ಕಿದೆ, ಬೊಮ್ಮಿ ಅಂತ. ಸೋಫಾದ ಹಳೇ ಬಟ್ಟೆ ದಪ್ಪ ನೇಯ್ಗೆಯದು, ಗೋಣಿಚೀಲದ ಥರ. ಬೊಮ್ಮಿಗೆ ಅದು ಸ್ವರ್ಗ. ಬೆಳಿಗ್ಗೆ ಎದ್ದ ಕೂಡಲೇ ಮೈಮುರಿದು, ಸೋಫಾದ ಕೈ ಹಿಡಿದು ಪರಪರ ಪರಚುತ್ತಿದ್ದಳು. ನೆಂಟರು ಬಂದಾಗ ಅಲ್ಲಿ ಟವೆಲ್ ಹಾಕಿ ಮುಚ್ಚುತ್ತಿದ್ದೆವು. ಬೆಕ್ಕು ಸಾಕಿದವರಿಗೆ ಇದೆಲ್ಲ ಹೇಳಬೇಕಾಗಿಲ್ಲ ಅಲ್ವಾ.

ಸೋಫಾಗೆ ಬೇರೆ ಬಟ್ಟೆ ಹಾಕಿಸೋಣ ಅಂತಿದ್ದಾಗ ಒಬ್ಬರ ಮೂಲಕ ಈ ಅಂಗಡಿ ಗೊತ್ತಾಯಿತು. ಮನೆಗೇ ಬಂದ, ಸ್ಯಾಂಪಲ್ ಪುಸ್ತಕ ಬಿಚ್ಚಿದ, ಒಂದು ರೆಕ್ಸಿನ್ ತುಂಡು ತೊಡೆ ಮೇಲೆ ಇಟ್ಟುಕೊಂಡು ಸ್ಕೂಟರ್ ಕೀಯಿಂದ ಜೋರಾಗಿ ಗೀಚಿದ. ಗೆರೆಯೂ ಬೀಳಲಿಲ್ಲ. "ನೀವೇ ಗೀಚಿ ಮೇಡಂ" ಅಂದ. ನಾನೂ ಗೀಚಿದೆ. ನಮ್ಮ ಯಜಮಾನರೂ ಗೀಚಿದರು. ಮೂರು ಜನ ಕೂತು ಒಂದು ರೆಕ್ಸಿನ್ ತುಂಡನ್ನು ಕೀಯಿಂದ ಗೀಚಿದ್ದನ್ನು ನೆನೆಸಿಕೊಂಡರೆ ಈಗ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಕೀ ಮೊಂಡು, ಮೇಲೆ ಜಾರಿಕೊಂಡು ಹೋಗುತ್ತದೆ. ಬೆಕ್ಕಿನ ಉಗುರು ಕೊಕ್ಕೆ, ಚುಚ್ಚಿಕೊಂಡು ಒಳಗಿಳಿದು ಆಮೇಲೆ ಎಳೆಯುತ್ತದೆ. ಅಷ್ಟೂ ಹೊಳೆಯಲಿಲ್ಲ ನಮಗೆ.

14 ಮೀಟರ್, ಮೀಟರ್‌ಗೆ 700. ಐದು ಸೀಟಿಗೆ ಕೂಲಿ 7,500. ಜೊತೆಗೆ 'ಬೆಕ್ಕು ಹತ್ತಿರಾನೇ ಬರಲ್ಲ' ಅನ್ನೋ ಸ್ಪ್ರೇ ಬಾಟಲಿ 1,200. ಅಡ್ವಾನ್ಸ್ ಹತ್ತು ಸಾವಿರ ಫೋನ್‌ನಲ್ಲೇ ಕಳಿಸಿದೆ. ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕು ಅಂದ್ರೆ ಜಿಎಸ್‌ಟಿ ಸೇರುತ್ತೆ ಮೇಡಂ, ನಿಮಗೇ ಜಾಸ್ತಿ" ಅಂದ. ಒಂದು ಚೀಟಿಯಲ್ಲಿ ಬರೆದುಕೊಟ್ಟ. ಉಳಿಸಿದೆ ಅಂದುಕೊಂಡೆ!

ಸೋಫಾ ಬಂದ ಮೂರನೇ ದಿನ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು. ಎರಡನೇ ವಾರಕ್ಕೆ ಮೇಲಿನ ಪದರ ಹಾಲಿನ ಕೆನೆಯ ಹಾಗೆ ಬೆರಳಿಗೆ ಎದ್ದು ಬರತೊಡಗಿತು.

ಆಗಲೂ ನಾನು ಬೈದದ್ದು ಬೊಮ್ಮಿಗೇ. ಪಾಪ. ಗೊತ್ತಾಗಿದ್ದು ಒಂದು ಭಾನುವಾರ, ಅವಳ ಚೆಂಡು ಸೋಫಾ ಕೆಳಗೆ ಹೋಯಿತು ಅಂತ ಸೋಫಾ ಮಗುಚಿದಾಗ. ಅಡಿಯ ಕಪ್ಪು ಬಟ್ಟೆಯ ಪಿನ್ ಒಂದು ಕಡೆ ಕಿತ್ತಿತ್ತು. ಒಳಗೆ ಮಡಚಿ ಹೊಡೆದಿದ್ದ ರೆಕ್ಸಿನ್ ಅಂಚು ಕಾಣಿಸಿತು. ಹಿಂಬದಿಯಲ್ಲಿ ಬ್ಯಾಂಡೇಜ್ ಥರದ ತೆಳು ಜಾಳು ಬಟ್ಟೆ. ಕರ್ಟನ್‌ಗೆ ಕಲರ್ ಹೊಂದುತ್ತಾ ನೋಡಿ ಅಂತ ಅವನು ಬಿಟ್ಟುಹೋಗಿದ್ದ ಸ್ಯಾಂಪಲ್ ತುಂಡು ಡ್ರಾಯರ್‌ನಲ್ಲೇ ಇತ್ತು. ತಂದು ಪಕ್ಕದಲ್ಲಿ ಹಿಡಿದೆ. ಅದರ ಹಿಂಬದಿ ದಟ್ಟ, ಮೆತ್ತಗೆ, ದಪ್ಪವೂ ಎರಡರಷ್ಟು. ಬಣ್ಣ ಮಾತ್ರ ಒಂದೇ. ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಅತ್ತೆ ಬಂದು ನೋಡಿ, "ಬೆಕ್ಕಿಗೆ ಚೆಲ್ಲಾಟ, ನಿಂಗೆ ಪ್ರಾಣಸಂಕಟ" ಅಂದು ಒಳಗೆ ಹೋದರು. ಇವತ್ತಿಗೂ ಅದನ್ನೇ ಹೇಳುತ್ತಾರೆ.

ಈಗ ಅವನ ಉತ್ತರಗಳನ್ನು ಕೇಳಿ. ಎಲ್ಲ ವಾಟ್ಸಾಪ್‌ನಲ್ಲಿದೆ.

ಮೊದಲು: "ಮೇಡಂ ಗ್ಯಾರಂಟಿ ಕಲರ್‌ಗೆ, ಉಗುರಿಗಲ್ಲ." ಕ್ಯಾಟ್ ಪ್ರೂಫ್ ಅಂದಿರಲ್ಲ ಅಂದೆ. "ಅದು ನಾರ್ಮಲ್ ಬೆಕ್ಕಿಗೆ ಮೇಡಂ. ನಿಮ್ಮದು ಸ್ವಲ್ಪ ಜಾಸ್ತಿ." ಸ್ವಲ್ಪ ಜಾಸ್ತಿ! ಮೂರು ಕೆಜಿ ಬೆಕ್ಕು! ಸ್ಯಾಂಪಲ್ ಮತ್ತು ಸೋಫಾ ಅಂಚು ಪಕ್ಕಪಕ್ಕ ಇಟ್ಟು ಫೋಟೋ ಕಳಿಸಿದೆ. "ಲಾಟ್ ಬೇರೆ ಮೇಡಂ, ಕ್ವಾಲಿಟಿ ಸೇಮ್." ಸ್ಪ್ರೇ ಹಾಕಿದ್ರಾ ಅಂತ ನನ್ನನ್ನೇ ಕೇಳಿದ. ಕೊನೆಗೆ, "ಉಗುರು ತೆಗೆಸಿಬಿಡಿ ಮೇಡಂ, ನಮಗೆ ಪರಿಚಯದ ಡಾಕ್ಟರ್ ಇದ್ದಾರೆ."

ಇದನ್ನು ಓದಿ ಕೈ ನಡುಗಿತು. ಬೆಕ್ಕಿನ ಉಗುರು ತೆಗೆಯೋದು ಅಂದರೆ ನಾವು ಉಗುರು ಕತ್ತರಿಸಿಕೊಂಡ ಹಾಗಲ್ಲ. ಬೆರಳಿನ ತುದಿಯ ಮೂಳೆಯನ್ನೇ ಕತ್ತರಿಸಿ ತೆಗೆಯುವುದು. ಹಾಗಂತ ಬರೆದೆ. ನೀಲಿ ಟಿಕ್ ಬಂತು, ಅಷ್ಟೇ. ಆಮೇಲೆ ಫೋನೂ ಎತ್ತಿಲ್ಲ.

ಆ ಸ್ಪ್ರೇ ಕಥೆ ಬೇರೆ. ನಿಂಬೆ, ನೀಲಗಿರಿ ವಾಸನೆ ಗಮ್ಮೆನ್ನುತ್ತಿತ್ತು. ಪುಣ್ಯಕ್ಕೆ ಲಸಿಕೆಗೆ ಹೋದಾಗ ನಮ್ಮ ಪಶುವೈದ್ಯರಿಗೆ ತೋರಿಸಿದೆ. ಇಂಥ ಎಣ್ಣೆ ಬೆಕ್ಕಿಗೆ ವಿಷವಾಗಬಹುದು, ಪಾದಕ್ಕೆ ಅಂಟಿದ್ದನ್ನು ನೆಕ್ಕಿಕೊಂಡರೆ ಅದನ್ನು ಅರಗಿಸೋ ಶಕ್ತಿ ಅದರ ಲಿವರ್‌ಗೆ ಇಲ್ಲ ಅಂದರು. ಬಾಟಲಿ ಎತ್ತಿಟ್ಟಿದ್ದೇನೆ, ಸಾಕ್ಷಿಗೆ.

ಅವರೇ ಹೇಳಿದ್ದು: ಬೆಕ್ಕು ಪರಚುವುದು ಹಠಕ್ಕಲ್ಲ. ಉಗುರಿನ ಹಳೇ ಪೊರೆ ಕಳಚಬೇಕು, ಮೈ ಎಳೆಯಬೇಕು, ಪಾದದ ವಾಸನೆ ಬಿಟ್ಟು ಇದು ನನ್ನ ಜಾಗ ಅನ್ನಬೇಕು. ನಿಲ್ಲಿಸೋಕೆ ಆಗಲ್ಲ, ಬೇರೆ ಜಾಗ ಕೊಡಬಹುದು ಅಷ್ಟೇ. ಹಾಗಾಗಿ ಮೂರಡಿ ಮರದ ಕಂಬಕ್ಕೆ ಕತ್ತಾಳೆ ಹಗ್ಗ ಒತ್ತೊತ್ತಾಗಿ ಸುತ್ತಿ, ಅಲ್ಲಾಡದ ಹಾಗೆ ಅಗಲದ ಹಲಗೆಗೆ ಹೊಡೆಸಿ, ಸೋಫಾದ ಆ ಕೈ ಪಕ್ಕದಲ್ಲೇ ನಿಲ್ಲಿಸಿದೆವು. ಮೂಲೆಯಲ್ಲಿಟ್ಟರೆ ತಿರುಗಿಯೂ ನೋಡುವುದಿಲ್ಲ. ಸೋಫಾ ಕೈಗೆ ಎರಡೂ ಕಡೆ ಅಂಟೋ ಟೇಪ್. ಎರಡು ವಾರಕ್ಕೊಮ್ಮೆ ಉಗುರಿನ ತುದಿ ಮಾತ್ರ ಕತ್ತರಿಸುತ್ತೇವೆ, ಒಳಗಿನ ಗುಲಾಬಿ ಭಾಗ ಮುಟ್ಟದ ಹಾಗೆ. ಎಲ್ಲ ಸೇರಿ ಸಾವಿರ ರೂಪಾಯಿಯೂ ಆಗಲಿಲ್ಲ. ಸಾವಿರ! ನಾನು ಕೊಟ್ಟದ್ದು 18,500.

ನೀವು ಸೋಫಾ ಬಟ್ಟೆ ಬದಲಿಸುವುದಿದ್ದರೆ ಸ್ಯಾಂಪಲ್ ತುಂಡಿನ ಹಿಂದೆ ಅವರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಹೊಡೆಯುವ ಮೊದಲು ಥಾನು ಮನೆಗೆ ತರಿಸಿ ಹಿಂಬದಿ ನೋಡಿ. ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಕೀ ತೆಗೆದು ಗೀಚಿ ತೋರಿಸಿದರೆ ಬಾಗಿಲು ತೋರಿಸಿ.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಬಿಲ್ ಇಲ್ಲ, ಚೀಟಿ ಇದೆ, ಹಣ ಕಳಿಸಿದ ದಾಖಲೆ ಇದೆ, ಚಾಟ್ ಇದೆ. ನಿನ್ನೆಯ ಸ್ಟೇಟಸ್‌ನ ಸ್ಕ್ರೀನ್‌ಶಾಟ್ ಕೂಡ ಸೇರಿಸುತ್ತೇನೆ, ಅತ್ತೆಯ ಮಷಿನ್ ಸಮೇತ.